ದಿಲ್ಲಿಯನ್ನು ಗೈಡ್ ಜೊತೆ ನೋಡುವುದು ಹೇಗೆ: ಹಳೆಯ ಕಲ್ಲಿನಿಂದ ಶುರುಮಾಡಿ ಮೂರು ದಿನ

ಊರಿಂದ ಬಂದವರಿಗೆ ದಿಲ್ಲಿ ತೋರಿಸುವುದು ನನಗೆ ಹೆಚ್ಚುಕಡಿಮೆ ಎರಡನೇ ನೌಕರಿ. ಚಿತ್ರದುರ್ಗದ ಕಡೆಯಿಂದ ಬಂದು ಇಲ್ಲಿ ಹದಿನೆಂಟು ವರ್ಷವಾಯಿತು. ಅಕ್ಟೋಬರ್ ಬಂತೆಂದರೆ ಮನೆಯ ಹಾಲ್‌ನಲ್ಲಿ ಹಾಸಿದ ಹಾಸಿಗೆ ಮಾರ್ಚ್‌ವರೆಗೆ ಸುತ್ತಿಡುವ ಪ್ರಮೇಯವೇ ಇಲ್ಲ. ಮೊದಮೊದಲು ನಾನೂ ಎಲ್ಲರಂತೆ ‘ದಿಲ್ಲಿ ದರ್ಶನ’ದ ಬಸ್ಸಿಗೆ ಹತ್ತಿಸಿ ಕೈತೊಳೆದುಕೊಳ್ಳುತ್ತಿದ್ದೆ. ಒಂದೇ ದಿನಕ್ಕೆ ಎಂಟೊಂಬತ್ತು ಜಾಗ. ಸಂಜೆ ಮನೆಗೆ ಬಂದವರನ್ನು ಏನು ನೋಡಿದಿರಿ ಅಂತ ಕೇಳಿದರೆ ಬಸ್ಸಿನವನು ಊಟಕ್ಕೆ ನಿಲ್ಲಿಸಿದ ಹೋಟೆಲಿನಲ್ಲಿ ಮೊಸರು ಹುಳಿಯಾಗಿತ್ತು ಅನ್ನುವುದು ನೆನಪಿರುತ್ತಿತ್ತು. ಕುತುಬ್ ಮಿನಾರಿಗೂ ಇಂಡಿಯಾ ಗೇಟಿಗೂ ನಡುವೆ ಏಳುನೂರು ವರ್ಷದ ಅಂತರವಿದೆ ಅನ್ನುವುದು ಯಾರ ತಲೆಗೂ ಹೋಗಿರುತ್ತಿರಲಿಲ್ಲ.

ಈಗ ನಾನು ಮಾಡುವುದು ಬೇರೆ. ಜಾಗಗಳನ್ನು ಕಡಿಮೆ ಮಾಡಿ, ವಯಸ್ಸಿನ ಪ್ರಕಾರ ನೋಡಿಸುತ್ತೇನೆ: ಮೊದಲು ಅಶೋಕ, ಆಮೇಲೆ ಗುಪ್ತರು, ಆಮೇಲೆ ಸುಲ್ತಾನರು, ಕೊನೆಗೆ ಮೊಘಲರು. ಗೈಡನ್ನು ಬೇಕಾದ ಕಡೆ ಮಾತ್ರ ಇಟ್ಟುಕೊಳ್ಳುತ್ತೇನೆ. ಮೂರು ದಿನ ಸಾಕು. ಅದರ ಲೆಕ್ಕ ಇಲ್ಲಿದೆ.

ಮೊದಲು ಕ್ಯಾಲೆಂಡರ್

ಟಿಕೆಟ್ ತೆಗೆಯುವ ಮುಂಚೆ ಸೋಮವಾರ ಯಾವತ್ತು ಬೀಳುತ್ತದೆ ನೋಡಿ. ಸೋಮವಾರ ನ್ಯಾಷನಲ್ ಮ್ಯೂಸಿಯಂಗೆ ರಜೆ, ಕೆಂಪು ಕೋಟೆಗೂ ರಜೆ. ಕುತುಬ್ ಮಿನಾರ್, ಪುರಾನಾ ಕಿಲಾ, ಹುಮಾಯೂನ್ ಸಮಾಧಿ ತೆರೆದಿರುತ್ತವೆ. ನಿಮ್ಮ ಮೂರು ದಿನದಲ್ಲಿ ಸೋಮವಾರ ಸೇರಿದ್ದರೆ ಅದನ್ನು ಕುತುಬ್‌ಗೆ ಇಡಿ, ಮುಗಿಯಿತು. ಜನವರಿ 26 ಮತ್ತು ಆಗಸ್ಟ್ 15ರ ಹಿಂದಿನ ಕೆಲವು ದಿನ ಬರಲೇಬೇಡಿ. ಮ್ಯೂಸಿಯಂ ಇರುವುದು ಕರ್ತವ್ಯ ಪಥದ ಪಕ್ಕದಲ್ಲೇ; ಪರೇಡಿನ ತಾಲೀಮು ನಡೆದರೆ ಅರ್ಧ ರಸ್ತೆ ಬಂದ್.

ಹವೆಯ ವಿಷಯಕ್ಕೆ ಫೆಬ್ರವರಿ, ಮಾರ್ಚ್ ಮೊದಲರ್ಧ ಚಿನ್ನದಂಥ ಕಾಲ. ನವೆಂಬರಿನಲ್ಲಿ ಹೊಗೆ, ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮಂಜು. ಮಂಜಿನ ದಿನ ರೈಲು ನಾಲ್ಕೈದು ಗಂಟೆ ತಡವಾಗುವುದು ಇಲ್ಲಿ ಸುದ್ದಿಯೇ ಅಲ್ಲ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆಯೆಂದು ಹೊರಟು ಬರುತ್ತಾರಲ್ಲ, ಅವರಿಗೆ ನಾನು ಕೈಮುಗಿದು ಹೇಳುವುದು ಒಂದೇ: 44 ಡಿಗ್ರಿ ಬಿಸಿಲಿನಲ್ಲಿ ಕಾದ ಕಲ್ಲಿನ ಮೇಲೆ ನಿಂತು ಯಾವ ಇತಿಹಾಸವೂ ಕಿವಿಗೆ ಬೀಳುವುದಿಲ್ಲ.

ಪುರಾತತ್ವ ಇಲಾಖೆಯ ದೊಡ್ಡ ಸ್ಮಾರಕಗಳಿಗೆ ಭಾರತೀಯರಿಗೆ ಟಿಕೆಟ್ 40 ರೂಪಾಯಿಯ ಆಸುಪಾಸು. ಆನ್‌ಲೈನಿನಲ್ಲಿ ತೆಗೆದರೆ ಸ್ವಲ್ಪ ಕಡಿಮೆ, ಮುಖ್ಯವಾಗಿ ಕ್ಯೂ ಇಲ್ಲ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಮೆರಿಕದಿಂದಲೋ ದುಬೈಯಿಂದಲೋ ಬಂದ ಬಂಧುಗಳು ಜೊತೆಗಿದ್ದರೆ ಅವರ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಚೀಲದಲ್ಲಿರಲಿ. ಅದಿದ್ದರೆ ನಮ್ಮದೇ ದರ, ಇಲ್ಲದಿದ್ದರೆ ವಿದೇಶಿಯರ ದರ. ವ್ಯತ್ಯಾಸ ಹತ್ತು ಪಟ್ಟಿಗಿಂತ ಹೆಚ್ಚು.

ಗೈಡ್ ಎಲ್ಲಿ ಬೇಕು, ಎಲ್ಲಿ ಬೇಡ

ನನ್ನ ಅನುಭವದಲ್ಲಿ ಗೈಡ್ ಬೇಕೇ ಬೇಕು ಅನ್ನಿಸುವ ಜಾಗ ದಿಲ್ಲಿಯಲ್ಲಿ ಒಂದೇ: ಕುತುಬ್ ಸಮುಚ್ಚಯ. ಅಲ್ಲಿ ನಾಲ್ಕೈದು ಕಾಲದ ಕಲ್ಲುಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡಿವೆ. ಬಿಡಿಸಿ ಹೇಳುವವರಿಲ್ಲದಿದ್ದರೆ ಎಲ್ಲ ಒಂದೇ ಕೆಂಪು. ಮ್ಯೂಸಿಯಂನಲ್ಲಿ ಫಲಕಗಳಿವೆ, ಓದಿಕೊಂಡರೆ ನಡೆಯುತ್ತದೆ. ಪುರಾನಾ ಕಿಲಾದಲ್ಲಿ ಮೊಬೈಲು, ಒಂದಿಷ್ಟು ತಾಳ್ಮೆ ಸಾಕು.

ಇಡುವುದಾದರೆ ಹೀಗೆ ಮಾಡಿ. ಗೇಟಿನಲ್ಲಿ ಮೈಮೇಲೆ ಬೀಳುವವರನ್ನು ಬಿಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಲೈಸೆನ್ಸ್ ಇರುವ ಗೈಡ್‌ಗೆ ಫೋಟೋ ಅಂಟಿಸಿದ ಗುರುತಿನ ಕಾರ್ಡ್ ಇರುತ್ತದೆ, ಕತ್ತಿನಲ್ಲೇ ಹಾಕಿಕೊಂಡಿರುತ್ತಾರೆ. ಅದನ್ನು ನೋಡಿ, ಅವಧಿ ಮುಗಿದಿದೆಯೇ ಅಂತಲೂ ನೋಡಿ. ಇದಕ್ಕೆ ಸಂಕೋಚ ಬೇಡ, ಸರಿಯಾದ ಗೈಡ್ ತಾನಾಗಿ ತೋರಿಸುತ್ತಾನೆ. ಆಮೇಲೆ ನಡೆಯಲು ಶುರುಮಾಡುವ ಮುಂಚೆಯೇ ನಾಲ್ಕು ಮಾತು ಇತ್ಯರ್ಥ ಮಾಡಿಕೊಳ್ಳಿ: ಎಷ್ಟು ಹೊತ್ತು, ಎಷ್ಟು ಜನಕ್ಕೆ, ಒಟ್ಟು ಎಷ್ಟು ದುಡ್ಡು, ಮತ್ತು ‘ಅಂಗಡಿಗೆ ಹೋಗುವುದಿಲ್ಲ’.

ನಾಲ್ಕನೆಯದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಭಾವ ಬಂದಿದ್ದಾಗ ಒಬ್ಬ ಗೈಡ್ ಅರ್ಧ ಗಂಟೆಯಲ್ಲಿ ಸ್ಮಾರಕ ಮುಗಿಸಿ, ‘ಇಲ್ಲೇ ಪಕ್ಕದಲ್ಲಿ ಸರ್ಕಾರಿ ಎಂಪೋರಿಯಂ, ಐದೇ ನಿಮಿಷ’ ಅಂತ ಕರೆದುಕೊಂಡು ಹೋದ. ಅದು ಸರ್ಕಾರಿಯೂ ಅಲ್ಲ, ಐದು ನಿಮಿಷವೂ ಅಲ್ಲ. ಭಾವ ಪಶ್ಮೀನಾ ಅಂತ ಕೊಂಡ ಶಾಲು ಮೊದಲನೇ ಒಗೆತಕ್ಕೆ ಗೋಣಿಚೀಲವಾಯಿತು. ಅಕ್ಕ ಇವತ್ತಿಗೂ ಅದನ್ನು ಮಿಕ್ಸಿಯ ಮೇಲೆ ಹೊದೆಸಿಟ್ಟಿದ್ದಾಳೆ, ನಾನು ಹೋದಾಗಲೆಲ್ಲ ಕಾಣಲಿ ಅಂತ.

ಗೈಡನ್ನು ಪರೀಕ್ಷಿಸಲು ನನ್ನ ಹತ್ತಿರ ಒಂದು ಪ್ರಶ್ನೆ ಇದೆ: ‘ಇಲ್ತುತ್‌ಮಿಶ್‌ಗಿಂತ ಮುಂಚಿನ ಕಮಾನಿಗೂ ಅಲಾಯಿ ದರ್ವಾಜಾದ ಕಮಾನಿಗೂ ಏನು ವ್ಯತ್ಯಾಸ ಭಾಯಿ ಸಾಬ್?’ ಇದಕ್ಕೆ ಕೈಯಾಡಿಸಿ ವಿವರಿಸಲು ಹೊರಟನೆಂದರೆ ಅವನೇ ನಿಮ್ಮ ಗೈಡ್. ‘ಅದೆಲ್ಲ ಒಳಗೆ ಹೋದಮೇಲೆ ಹೇಳುತ್ತೇನೆ ಸರ್’ ಅಂದರೆ ಮುಂದಿನವನನ್ನು ನೋಡಿ. ಇಲ್ತುತ್‌ಮಿಶ್ ದಿಲ್ಲಿಯ ಮೊದಮೊದಲ ಸುಲ್ತಾನರಲ್ಲಿ ಒಬ್ಬ, ಅಲಾಯಿ ದರ್ವಾಜಾ ಕುತುಬ್ ಸಮುಚ್ಚಯದ ಒಂದು ಹೆಬ್ಬಾಗಿಲು; ಉತ್ತರ ಕೆಳಗೆ ಬರುತ್ತದೆ.

ಕನ್ನಡದಲ್ಲಿ ಹೇಳುವ ಗೈಡ್ ನನಗೆ ಇದುವರೆಗೆ ಸಿಕ್ಕಿಲ್ಲ. ಹಿಂದಿ, ಇಂಗ್ಲಿಷು ಧಾರಾಳ. ಮನೆಯಲ್ಲಿ ಹಿರಿಯರಿದ್ದರೆ ಒಬ್ಬರು ಅನುವಾದಕರಾಗಬೇಕು. ಗೈಡ್‌ಗೆ ಮೊದಲೇ ಹೇಳಿಬಿಡಿ: ಎರಡು ವಾಕ್ಯ ಹೇಳಿ ನಿಲ್ಲಿಸಪ್ಪ, ನಾನು ಇವರಿಗೆ ಹೇಳುತ್ತೇನೆ ಅಂತ. ಒಬ್ಬೊಬ್ಬರೇ ಬಂದವರು, ಸ್ನೇಹಿತರ ಜೋಡಿ, ಇಂಥವರಿಗೆ ಖಾಸಗಿ ಗೈಡ್‌ಗಿಂತ ಗುಂಪು ನಡಿಗೆ ಒಳ್ಳೆಯದು. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ದಿಲ್ಲಿ ಶಾಖೆ ಇಂಥ ಪಾರಂಪರಿಕ ನಡಿಗೆಗಳನ್ನು ನಡೆಸುತ್ತದೆ. ನಿಮ್ಮ ದಿನಕ್ಕೆ ಯಾವುದಾದರೂ ಇದೆಯೇ ಎಂದು ಬರುವ ಮುಂಚೆ ನೋಡಿಕೊಳ್ಳಿ.

ಮೊದಲನೇ ದಿನ: ನಮ್ಮೂರಿನ ಬಂಡೆಯ ಅಣ್ಣತಮ್ಮ

ಬೆಳಿಗ್ಗೆ ಎಂಟಕ್ಕೆಲ್ಲ ಮೆಟ್ರೋದ ನೇರಳೆ ಮಾರ್ಗ ಹಿಡಿದು ನೆಹರೂ ಪ್ಲೇಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಆಟೋದವನಿಗೆ ‘ಇಸ್ಕಾನ್ ಮಂದಿರದ ಹತ್ತಿರ, ಅಶೋಕನ ಶಿಲಾಲೇಖದ ಪಾರ್ಕು’ ಅನ್ನಿ. ‘ಅಶೋಕ’ ಅಂದರೆ ಕೆಲವರು ಅಶೋಕಾ ಹೋಟೆಲಿಗೆ ಹೊರಟುಬಿಡುತ್ತಾರೆ, ಇಸ್ಕಾನ್ ಅನ್ನುವುದನ್ನು ಒತ್ತಿ ಹೇಳಿ. ಈಸ್ಟ್ ಆಫ್ ಕೈಲಾಶ್ ಬಡಾವಣೆಯ ಪಕ್ಕದ ಸಣ್ಣ ಗುಡ್ಡ. ವಾಕಿಂಗಿಗೆ ಬಂದ ನಿವೃತ್ತರು, ಅವರ ನಾಯಿಗಳು, ನಡುವೆ ಕಾಂಕ್ರೀಟ್ ಚಾವಣಿಯ ಕೆಳಗೆ ಒಂದು ಓರೆ ಬಂಡೆ. ಗೈಡೂ ಇಲ್ಲ, ಗಲಾಟೆಯೂ ಇಲ್ಲ.

ಆ ಬಂಡೆಯ ಮೇಲೆ ಹತ್ತು ಸಾಲು ಬ್ರಾಹ್ಮಿ ಲಿಪಿ ಇದೆ. 1966ರಲ್ಲಿ ಇಲ್ಲಿ ಮನೆ ಕಟ್ಟುವ ಕೆಲಸ ನಡೆಯುವಾಗ ಕಣ್ಣಿಗೆ ಬಿತ್ತು. ಕ್ರಿಸ್ತಪೂರ್ವ ಮೂರನೇ ಶತಮಾನದ್ದು, ಅಶೋಕನ ಕಿರು ಶಿಲಾಶಾಸನ. ‘ನಾನು ಉಪಾಸಕನಾಗಿ (ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷದ ಮೇಲಾಯಿತು, ಮೊದಲು ಅಷ್ಟೇನೂ ಪ್ರಯತ್ನಪಡಲಿಲ್ಲ’ ಎಂದು ಒಬ್ಬ ಚಕ್ರವರ್ತಿ ಒಪ್ಪಿಕೊಂಡು, ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸ್ವರ್ಗ ಮುಟ್ಟಬಹುದು ಎಂದು ಹೇಳುವ ಶಾಸನ.

ಕನ್ನಡದವರು ಇಲ್ಲಿಂದಲೇ ಶುರುಮಾಡಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಇದೇ ಶಾಸನ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ, ಸಿದ್ದಾಪುರದಲ್ಲಿದೆ, ಜಟಿಂಗ ರಾಮೇಶ್ವರದಲ್ಲಿದೆ. ಮೂರನ್ನೂ 1892ರಲ್ಲಿ ಬೆಳಕಿಗೆ ತಂದವರು ಶಾಸನತಜ್ಞ ಬಿ.ಎಲ್. ರೈಸ್. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿದೆ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಪ್ರತಿಯಲ್ಲಂತೂ ‘ಅಶೋಕ’ ಅನ್ನುವ ಹೆಸರೇ ಇದೆ. ಅದುವರೆಗೆ ಶಾಸನಗಳಲ್ಲಿ ಕಂಡಿದ್ದು ‘ದೇವಾನಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಅವು ಅಶೋಕನವೇ ಎಂದು ಕಲ್ಲಿನಲ್ಲೇ ಖಾತ್ರಿಯಾದದ್ದು ರಾಯಚೂರು ಸೀಮೆಯ ಆ ಬಂಡೆಯಿಂದ.

ಹೋದ ಫೆಬ್ರವರಿಯಲ್ಲಿ ಮೊಳಕಾಲ್ಮೂರಿನ ಚಿಕ್ಕಪ್ಪನನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದೆ. ಎಪ್ಪತ್ತೆರಡು ವರ್ಷ, ಮಗ್ಗದ ಕಸುಬು. ಬಂಡೆಯ ಮುಂದೆ ಕೈಕಟ್ಟಿ ನಿಂತು ಸುಮಾರು ಹೊತ್ತು ನೋಡಿದರು.

“ಇದೇ ತಾನೆ ನಮ್ಮ ಬ್ರಹ್ಮಗಿರೀಲಿರೋದು?”

“ಹ್ಞೂಂ ಚಿಕ್ಕಪ್ಪ. ಅದೇ ಮಾತು.”

“ನಾವು ಹುಡುಗರಿದ್ದಾಗ ಅದರ ಮ್ಯಾಲೇ ಕುಂತು ಕಡ್ಲೆಕಾಯಿ ಸುಲೀತಿದ್ವಿ ಕಣೋ. ಏನ್ ಬರ್ದೈತೆ ಅಂತ ಯಾರೂ ಹೇಳ್ಲಿಲ್ಲ.” ಇನ್ನೊಂದು ಸ್ವಲ್ಪ ನೋಡಿ, “ಅಕ್ಷರ ನಮ್ ಕಡೇದೇ ಚೆಂದ” ಅಂದರು.

ಅಭಿಮಾನದ ಮಾತು ಅಂತ ನಕ್ಕೆ. ಆದರೆ ಬ್ರಹ್ಮಗಿರಿಯ ಕಲ್ಲಿಗೆ ನಿಜವಾಗಿಯೂ ಒಂದು ಹೆಚ್ಚುಗಾರಿಕೆ ಇದೆ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ‘ಲಿಪಿಕಾರ’ ಅನ್ನುವ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಷ್ಟು ದೂರದ ಲಿಪಿ ಬಲ್ಲ ಗುಮಾಸ್ತನೊಬ್ಬ ಚಿತ್ರದುರ್ಗದ ಬಿಸಿಲಿನಲ್ಲಿ ಕೂತು ರುಜು ಹಾಕಿದ್ದಾನೆ ಅಂತಾಯಿತು.

ಇಲ್ಲಿನ ಅಕ್ಷರಗಳು ಸವೆದಿವೆ. ಬೆಳಗಿನ ಓರೆ ಬಿಸಿಲಿನಲ್ಲಿ ಗೀರುಗಳ ನೆರಳು ಬಿದ್ದು ಸ್ವಲ್ಪ ಕಾಣುತ್ತವೆ, ನೆತ್ತಿ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಎಂಟಕ್ಕೆ ಹೊರಡಿ ಅಂದದ್ದು ಅದಕ್ಕೇ. ಬರೀ ಅರ್ಧ ಗಂಟೆ ಸಾಕು.

ಅದೇ ನೇರಳೆ ಮಾರ್ಗದಲ್ಲಿ ವಾಪಸು ಬಂದು ಸೆಂಟ್ರಲ್ ಸೆಕ್ರೆಟರಿಯೇಟ್‌ನಲ್ಲಿ ಇಳಿದರೆ ನ್ಯಾಷನಲ್ ಮ್ಯೂಸಿಯಂ ನಡೆಯುವ ದೂರ. ಹತ್ತು ಗಂಟೆಗೆ ಬಾಗಿಲು ತೆರೆಯುತ್ತದೆ. ಇದನ್ನು ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳಲ್ಲಿ ಬರಲಿರುವ ಹೊಸ ಮ್ಯೂಸಿಯಂಗೆ ಸಾಗಿಸುವ ಯೋಜನೆ ಪ್ರಕಟವಾಗಿದೆ. ಹಾಗಾಗಿ ಯಾವ ಗ್ಯಾಲರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಹೊರಡುವ ಹಿಂದಿನ ದಿನ ಫೋನು ಮಾಡಿ ಕೇಳಿಕೊಳ್ಳುವುದು ಕ್ಷೇಮ.

ಇಲ್ಲಿ ಜನ ಮಾಡುವ ತಪ್ಪು ಎಂದರೆ ಎಲ್ಲವನ್ನೂ ನೋಡಲು ಹೊರಡುವುದು. ದುಂಡನೆಯ ಕಟ್ಟಡ, ಒಂದು ಸುತ್ತು ಹಾಕುವಷ್ಟರಲ್ಲಿ ಕಾಲು ಸೋಲುತ್ತದೆ, ಎರಡನೇ ಮಹಡಿಗೆ ಹೋದವರು ಬೆಂಚು ಹುಡುಕುತ್ತಾರೆ. ಎರಡು ಗಂಟೆ, ಮೂರು ವಸ್ತು, ಇಷ್ಟೇ ಇಟ್ಟುಕೊಳ್ಳಿ. ಉಳಿದದ್ದು ದಾರಿಯಲ್ಲಿ ಕಂಡಷ್ಟು ಕಂಡಿತು.

ಮೊದಲನೆಯದು ಹರಪ್ಪ ಗ್ಯಾಲರಿಯ ‘ನರ್ತಕಿ’. ಮೊಹೆಂಜೊದಾರೋದಲ್ಲಿ 1926ರಲ್ಲಿ ಸಿಕ್ಕ ಕಂಚಿನ ಹುಡುಗಿ. ಪಠ್ಯಪುಸ್ತಕದಲ್ಲಿ ಪುಟದ ತುಂಬ ನೋಡಿ ನೋಡಿ ಆಳೆತ್ತರದ ವಿಗ್ರಹ ಅಂದುಕೊಂಡಿರುತ್ತೇವೆ. ಎದುರಿಗೆ ನಿಂತರೆ ಹತ್ತೂವರೆ ಸೆಂಟಿಮೀಟರು, ನಮ್ಮ ಅಂಗೈಗೆ ಸಾಕಾಗುವಷ್ಟು. ಎಷ್ಟೋ ಜನ ಅವಳನ್ನು ದಾಟಿ ಮುಂದೆ ಹೋಗಿ ‘ಎಲ್ಲಿದ್ದಾಳೆ’ ಅಂತ ಕಾವಲಿನವರನ್ನು ಕೇಳುವುದನ್ನು ನಾನೇ ನೋಡಿದ್ದೇನೆ. ಮಕ್ಕಳಿದ್ದರೆ ಬಳೆ ಎಣಿಸಲು ಹಚ್ಚಿ. ಎಡಗೈಗೆ ಭುಜದವರೆಗೆ ಬಳೆ, ಬಲಗೈಗೆ ನಾಲ್ಕೇ. ಯಾಕೆ ಹೀಗೆ ಅಂತ ನನ್ನ ಅಕ್ಕನ ಮಗಳು ಕೇಳಿದಳು. ‘ಬಲಗೈಯಲ್ಲಿ ಕೆಲಸ ಮಾಡಬೇಕಲ್ಲ’ ಅಂತ ಹಿಂದೆ ನಿಂತಿದ್ದ ಯಾರೋ ಅಜ್ಜಿ ಹಿಂದಿಯಲ್ಲಿ ಅಂದರು. ಯಾವ ಫಲಕದಲ್ಲೂ ಅಷ್ಟು ಚೆನ್ನಾಗಿ ಬರೆದಿಲ್ಲ.

ಎರಡನೆಯದು ಉತ್ತರ ಪ್ರದೇಶದ ಪಿಪ್ರಾಹ್ವಾದಲ್ಲಿ ಸಿಕ್ಕ ಅಸ್ಥಿಗಳು, ಬುದ್ಧನವು ಎಂದು ನಂಬಲಾದವು. ಥಾಯ್ಲೆಂಡಿನವರು ಕೊಟ್ಟ ಚಿನ್ನದ ಮಂಟಪದೊಳಗಿವೆ. ಪ್ರದರ್ಶನದ ಕೋಣೆಯೇ ಆದರೂ ಜನ ಇಲ್ಲಿ ತಾವಾಗಿಯೇ ಚಪ್ಪಲಿ ಬಿಟ್ಟವರ ಹಾಗೆ ನಡೆಯುತ್ತಾರೆ, ಕೆಲವರು ಕೂತು ಕಣ್ಣುಮುಚ್ಚುತ್ತಾರೆ. ಬೆಳಿಗ್ಗೆ ಅಶೋಕನ ಮಾತು ನೋಡಿ ಬಂದವರಿಗೆ ಇದು ಮುಂದಿನ ಪುಟ.

ಮೂರನೆಯದು ಐಹೊಳೆಯಿಂದ ಬಂದ ಹಾರುವ ಗಂಧರ್ವ ಜೋಡಿ. ಬಾದಾಮಿ ಚಾಲುಕ್ಯರ ಕಾಲದ ಕಲ್ಲು. ಕಾಲು ಮಡಚಿದ ರೀತಿ, ಬಟ್ಟೆ ಹಿಂದಕ್ಕೆ ಹಾರಿದ ರೀತಿ ನೋಡಿದರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ದಿಲ್ಲಿಯ ಮಧ್ಯದಲ್ಲಿ ಮಲಪ್ರಭೆಯ ಕಲ್ಲು ಕಂಡರೆ ಊರಿನವರು ಸಿಕ್ಕಷ್ಟೇ ಖುಷಿ. ಇಲ್ಲಿ ಹತ್ತು ನಿಮಿಷ ನಿಲ್ಲಿ.

ಊಟಕ್ಕೆ ಮ್ಯೂಸಿಯಂನಿಂದ ಆಟೋದಲ್ಲಿ ಅಶೋಕ ರಸ್ತೆಯ ಆಂಧ್ರ ಭವನ. ಅನ್ನ, ಪಪ್ಪು, ಗೋಂಗುರ. ಕ್ಯೂ ಉದ್ದ, ಆದರೆ ಉತ್ತರ ಭಾರತದಲ್ಲಿ ಎರಡನೇ ದಿನಕ್ಕೇ ಅನ್ನ ಅನ್ನ ಅನ್ನುವ ನಮ್ಮವರಿಗೆ ಇದು ಔಷಧ. ಅವತ್ತು ಮಧ್ಯಾಹ್ನದ ಮೇಲೆ ಏನೂ ಇಟ್ಟುಕೊಳ್ಳಬೇಡಿ.

ಎರಡನೇ ದಿನ: ಕುತುಬ್, ಕೈಯಲ್ಲಿ ಗೈಡ್

ಬೆಳಿಗ್ಗೆ ಏಳೂವರೆಗೆ ಗೇಟಿನಲ್ಲಿರಿ. ಹಳದಿ ಮಾರ್ಗದಲ್ಲಿ ಕುತುಬ್ ಮಿನಾರ್ ಎಂಬ ನಿಲ್ದಾಣವೇ ಇದೆ, ಹೆಸರು ನೋಡಿ ಹೊರಗೆ ಬಂದರೆ ಎದುರಿಗೇ ಮಿನಾರ್ ಇರುತ್ತದೆ ಅಂದುಕೊಳ್ಳಬೇಡಿ. ಒಂದೂವರೆ ಎರಡು ಕಿಲೋಮೀಟರ್ ದೂರ. ಆಟೋ ಹಿಡಿಯಿರಿ.

ಒಳಗೆ ಹೋದ ಕೂಡಲೇ ಗೈಡ್ ಮಿನಾರಿನ ಕಡೆ ಎಳೆಯುತ್ತಾನೆ. ಬೇಡ ಅನ್ನಿ, ಅದು ಎಲ್ಲೂ ಓಡಿಹೋಗುವುದಿಲ್ಲ. ಮೊದಲು ಮಸೀದಿಯ ಅಂಗಳಕ್ಕೆ, ಕಬ್ಬಿಣದ ಕಂಬದ ಹತ್ತಿರ. ನಿನ್ನೆಯ ಅಶೋಕನಿಂದ ಸುಮಾರು ಆರೂವರೆ ಶತಮಾನ ಮುಂದೆ ಬಂದಿದ್ದೀರಿ. ಕ್ರಿ.ಶ. 400ರ ಆಸುಪಾಸಿನ ಕಂಬ, ಏಳು ಮೀಟರಿಗೂ ಮಿಕ್ಕ ಎತ್ತರ, ಆರು ಟನ್ನಿಗೂ ಮೀರಿದ ತೂಕ. ‘ಚಂದ್ರ’ ಎಂಬ ರಾಜನನ್ನು ಹೊಗಳುವ ಸಂಸ್ಕೃತ ಶಾಸನ ಇದರ ಮೇಲಿದೆ. ಎರಡನೇ ಚಂದ್ರಗುಪ್ತನೇ ಈ ಚಂದ್ರ ಎಂಬುದು ಬಹುತೇಕರ ಅಭಿಪ್ರಾಯ. ವಿಷ್ಣುಪದವೆಂಬ ಗುಡ್ಡದ ಮೇಲೆ ವಿಷ್ಣುವಿನ ಧ್ವಜವಾಗಿ ನಿಲ್ಲಿಸಿದ್ದು ಅಂತ ಶಾಸನವೇ ಹೇಳುತ್ತದೆ, ಅಂದರೆ ಕಂಬ ಎಲ್ಲಿಂದಲೋ ಇಲ್ಲಿಗೆ ಬಂದದ್ದು.

ತುಕ್ಕು ಹಿಡಿಯದ ಕಂಬ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಗೈಡ್‌ಗೆ ಕೇಳಿ. ‘ಅಷ್ಟಧಾತು’ ಅಂದರೆ ಅವನ ಕಥೆ ಅಲ್ಲಿಗೇ ನಿಲ್ಲಿಸಿ. ಇದು ಕಬ್ಬಿಣವೇ, ಆದರೆ ರಂಜಕದ (ಫಾಸ್ಫರಸ್) ಅಂಶ ಹೆಚ್ಚಿರುವ ಕಬ್ಬಿಣ. ಅದರಿಂದಾಗಿ ಮೇಲ್ಮೈಯಲ್ಲಿ ಒಂದು ತೆಳು ಪದರ ಕಟ್ಟಿಕೊಂಡು ಒಳಗಿನದನ್ನು ಕಾಯುತ್ತದೆ; ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದರು. ಬೆನ್ನು ತಾಗಿಸಿ ಕೈ ಹಿಂದಕ್ಕೆ ಸುತ್ತಿ ಬೆರಳು ಮುಟ್ಟಿಸಿದರೆ ಅದೃಷ್ಟ ಅನ್ನುವ ಆಟ ಮೊದಲಿತ್ತು. ಜನರ ಬೆವರಿಗೆ ಆ ಪದರವೇ ಹಾಳಾಗತೊಡಗಿ 1997ರಲ್ಲಿ ಬೇಲಿ ಹಾಕಿದರು.

ಕನ್ನಡ ಕಾವ್ಯ ಓದಿದವರಿಗೆ ಒಂದು ಗುಟ್ಟು. ಶಾಸನದಲ್ಲಿರುವುದು ಮೂರು ಪದ್ಯ, ಮೂರೂ ಶಾರ್ದೂಲವಿಕ್ರೀಡಿತ. ನಮ್ಮ ಪಂಪ, ರನ್ನರ ಖ್ಯಾತ ಕರ್ಣಾಟಕ ವೃತ್ತಗಳಲ್ಲಿ ಒಂದು. ಇವನ ಪರಾಕ್ರಮದ ಗಾಳಿಗೆ ದಕ್ಷಿಣ ಸಮುದ್ರ ಇವತ್ತಿಗೂ ಘಮಘಮಿಸುತ್ತಿದೆ ಅನ್ನುವ ಸಾಲು ಅದರಲ್ಲಿದೆ. ‘ನಮ್ಮ ಮಲ್ಪೆಯಲ್ಲಿ ಮೀನಿನ ವಾಸನೆಯಲ್ವ ಬರೋದು’ ಎಂದು ಉಡುಪಿಯ ಸ್ನೇಹಿತನೊಬ್ಬ ಇಲ್ಲೇ ನಿಂತು ಕೇಳಿದ್ದ.

ಕಂಬದಿಂದ ತಿರುಗಿ ಅಂಗಳದ ಸುತ್ತಲಿನ ಮೊಗಸಾಲೆ ನೋಡಿ. ಪೂರ್ವದ ಬಾಗಿಲಿನ ಪರ್ಷಿಯನ್ ಶಾಸನವೇ ಹೇಳುವ ಪ್ರಕಾರ 27 ದೇವಾಲಯಗಳ ಸಾಮಗ್ರಿ ಇಲ್ಲಿ ಸೇರಿದೆ. ಗೈಡ್ ಇಲ್ಲಿ ಭಾಷಣ ಶುರುಮಾಡಿದರೆ, ಯಾವ ಪಕ್ಷದ ಭಾಷಣವಾದರೂ ಸರಿ, ‘ಕಂಬ ತೋರಿಸಿ’ ಅನ್ನಿ. ಕಂಬಗಳಲ್ಲಿ ಸರಪಳಿಗೆ ತೂಗುಬಿಟ್ಟ ಗಂಟೆಗಳ ಕೆತ್ತನೆ ಸಾಲುಸಾಲಾಗಿವೆ, ಕೆಲವು ಕಡೆ ಮುಖ ಕೆತ್ತಿಹಾಕಿದ ಆಕೃತಿಗಳು. ಎತ್ತರ ಸಾಲದೆ ಒಂದು ಕಂಬದ ಮೇಲೆ ಇನ್ನೊಂದನ್ನು ಪೇರಿಸಿರುವುದು ಹತ್ತಿರ ಹೋದರೆ ಸ್ಪಷ್ಟವಾಗಿ ಕಾಣುತ್ತದೆ. ಎರಡರ ಕೆತ್ತನೆಯೂ ಒಂದಕ್ಕೊಂದು ಹೊಂದುವುದಿಲ್ಲ.

ಈಗ ಕಮಾನಿನ ಪ್ರಶ್ನೆಗೆ ಉತ್ತರ. ಅಂಗಳದ ಪಶ್ಚಿಮಕ್ಕೆ ನಿಂತ ಎತ್ತರದ ಕಮಾನುಗಳ ಗೋಡೆ ಇಲ್ತುತ್‌ಮಿಶ್‌ಗಿಂತ ಮುಂಚೆ ಆಳಿದ ಕುತುಬುದ್ದೀನ್ ಐಬಕ್‌ನ ಕಾಲದ್ದು. ಕಲ್ಲುಗಳ ಸಂದುಗಳನ್ನು ಕಣ್ಣಲ್ಲೇ ಹಿಡಿದು ಮೇಲಕ್ಕೆ ಹೋಗಿ. ಸಂದುಗಳೆಲ್ಲ ನೆಲಕ್ಕೆ ಸಮನಾಗಿ, ಅಡ್ಡಡ್ಡ ಇವೆ. ಅಂದರೆ ಪ್ರತಿ ಕಲ್ಲನ್ನೂ ಕೆಳಗಿನದಕ್ಕಿಂತ ಸ್ವಲ್ಪ ಮುಂದೆ ಚಾಚಿ, ಎರಡೂ ಕಡೆಯಿಂದ ಹತ್ತಿರ ತಂದು, ಕಮಾನಿನ ಆಕಾರಕ್ಕೆ ಕಡಿದಿದ್ದಾರೆ. ಕೇಳಿದವರಿಗೆ ಕಮಾನು ಬೇಕಿತ್ತು, ಕಟ್ಟಿದ ಇಲ್ಲಿನ ಶಿಲ್ಪಿಗಳಿಗೆ ಗೊತ್ತಿದ್ದದ್ದು ಗುಡಿಯ ವಿದ್ಯೆ. ಅಲ್ಲಿಂದ ನೇರ 1311ರ ಅಲಾಯಿ ದರ್ವಾಜಾಕ್ಕೆ ಬನ್ನಿ. ಇಲ್ಲಿನ ಕಲ್ಲುಗಳು ಬೆಣೆಯ ಆಕಾರದವು, ಸಂದುಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಒಂದು ಬಿಂದುವಿನಿಂದ ಹರಡಿಕೊಂಡಿವೆ. ಒಂದನ್ನೊಂದು ಒತ್ತಿ ಹಿಡಿದು ನಿಂತ ನಿಜವಾದ ಕಮಾನು. ಎರಡಕ್ಕೂ ಮಧ್ಯೆ ನೂರು ಚಿಲ್ಲರೆ ವರ್ಷ, ನಡೆದರೆ ಎರಡು ನಿಮಿಷ. ದಿಲ್ಲಿಯಲ್ಲಿ ನನಗೆ ಅತಿ ಇಷ್ಟದ ಎರಡು ನಿಮಿಷ ಇದೇ.

ಇನ್ನು ಮಿನಾರ್. ಎತ್ತರ 72.5 ಮೀಟರ್, ಒಳಗೆ 379 ಮೆಟ್ಟಿಲು. ಐಬಕ್ ಶುರುಮಾಡಿದ, ಇಲ್ತುತ್‌ಮಿಶ್ ಮುಂದುವರಿಸಿದ, ಸಿಡಿಲು ಬಡಿದು ಮೇಲ್ಭಾಗ ಹಾಳಾದಾಗ 1368ರಲ್ಲಿ ಫಿರೋಜ್ ಷಾ ತುಘಲಕ್ ದುರಸ್ತಿ ಮಾಡಿಸಿದ. ಬಿಳಿ ಅಮೃತಶಿಲೆ ಎಲ್ಲಿಂದ ಕಾಣಿಸತೊಡಗುತ್ತದೋ ಅಲ್ಲಿಂದ ಮೇಲಿನದು ಅವನ ಕಾಲದ್ದು. ಒಳಗೆ ಬಿಡುವುದಿಲ್ಲ. 1981ರ ಡಿಸೆಂಬರಿನಲ್ಲಿ ಒಳಗಿನ ದೀಪ ಆರಿ, ಕತ್ತಲಲ್ಲಿ ನೂಕುನುಗ್ಗಲಾಗಿ 45 ಜನ ಸತ್ತರು, ಹೆಚ್ಚಿನವರು ಶಾಲಾ ಮಕ್ಕಳು. ಅಂದಿನಿಂದ ಬಾಗಿಲಿಗೆ ಬೀಗ. ‘ಐನೂರು ಕೊಟ್ಟರೆ ಮೇಲೆ ಬಿಡಿಸುತ್ತೇನೆ’ ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ನಡೆಯಿರಿ.

ಗೈಡನ್ನು ಇಲ್ಲಿಂದ ಕಳಿಸಿಕೊಡಿ. ಕಾಲಲ್ಲಿ ಕಸುವಿದ್ದವರು ಪಕ್ಕದ ಮೆಹ್ರೌಲಿ ಆರ್ಕಿಯಾಲಜಿಕಲ್ ಪಾರ್ಕಿಗೆ ಹೋಗಬಹುದು. ಟಿಕೆಟ್ ಇಲ್ಲ. ಸುಲ್ತಾನ ಬಲ್ಬನ್‌ನ ಪಾಳುಬಿದ್ದ ಸಮಾಧಿಯಲ್ಲಿ ಹದಿಮೂರನೇ ಶತಮಾನದ ಕಮಾನಿದೆ, ಈ ದೇಶದಲ್ಲಿ ಉಳಿದಿರುವ ನಿಜಕಮಾನುಗಳಲ್ಲಿ ಅತಿ ಹಳೆಯದು ಎನ್ನುತ್ತಾರೆ. ಈಗ ತಾನೆ ಪಾಠ ಆಗಿರುವುದರಿಂದ ಸಂದು ನೋಡಿ ನೀವೇ ಹೇಳಬಹುದು. ಸಂಜೆ ಆರರ ಮೇಲೆ ಅಲ್ಲಿ ಒಬ್ಬೊಬ್ಬರೇ ಇರಬೇಡಿ.

ಮೂರನೇ ದಿನ: ಸಾಗಿಬಂದ ಕಂಬ

ಮತ್ತೆ ನೇರಳೆ ಮಾರ್ಗ, ದಿಲ್ಲಿ ಗೇಟ್ ನಿಲ್ದಾಣ, ಅಲ್ಲಿಂದ ಫಿರೋಜ್ ಷಾ ಕೋಟ್ಲಾ. ಕ್ರಿಕೆಟ್ ಮೈದಾನದ ಪಕ್ಕದ ಪಾಳು ಕೋಟೆ, 1354ರದ್ದು. ಮೂರು ಅಂತಸ್ತಿನ ಮೊಂಡು ಕಟ್ಟಡದ ತುದಿಯಲ್ಲಿ ನಿಂತಿರುವುದು ಅಶೋಕನ ಸ್ತಂಭ. ಸುಮಾರು 13 ಮೀಟರಿನ ಒಂದೇ ಕಲ್ಲು. ಇದನ್ನು ಈಗಿನ ಹರಿಯಾಣದ ಟೋಪ್ರಾ ಎಂಬ ಹಳ್ಳಿಯಿಂದ ಫಿರೋಜ್ ಷಾ ತರಿಸಿದ. ಆಗ ಹನ್ನೆರಡು ವರ್ಷದ ಹುಡುಗನಾಗಿದ್ದ ಶಮ್ಸ್ ಸಿರಾಜ್ ಅಫೀಫ್ ಮುಂದೆ ಅದನ್ನೆಲ್ಲ ಬರೆದಿಟ್ಟಿದ್ದಾನೆ. ಬುಡದಲ್ಲಿ ಬೂರುಗದ ಹತ್ತಿಯ ರಾಶಿ ಹಾಕಿ ಅದರ ಮೇಲೆ ಕಂಬವನ್ನು ಮೆಲ್ಲಗೆ ಒರಗಿಸಿದರು. ಜೊಂಡು, ಹಸಿ ಚರ್ಮ ಸುತ್ತಿದರು. 42 ಗಾಲಿಗಳ ಬಂಡಿ, ಒಂದೊಂದು ಗಾಲಿಯ ಹಗ್ಗಕ್ಕೆ 200 ಆಳು. ಆಮೇಲೆ ದೋಣಿಗಳಲ್ಲಿ ಯಮುನೆಯ ಮೇಲೆ ದಿಲ್ಲಿಗೆ. ಇಷ್ಟು ಕಷ್ಟಪಟ್ಟು ತಂದ ಮೇಲೆ ಸುಲ್ತಾನ ಪಂಡಿತರನ್ನು ಕರೆಸಿ ಓದಿ ಅಂದ. ಯಾರಿಗೂ ಬರಲಿಲ್ಲ. ಜನ ಅದನ್ನು ಭೀಮನ ಊರುಗೋಲು ಅಂತಿದ್ದರು. ಓದಲು 1837ರವರೆಗೆ, ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್‌ವರೆಗೆ ಕಾಯಬೇಕಾಯಿತು.

ಮೇಲೆ ಹತ್ತಲು ಬಿಡದಿದ್ದರೆ ಬೇಸರ ಬೇಡ, ಚೀಲದಲ್ಲಿ ಸಣ್ಣ ದುರ್ಬೀನು ಇದ್ದರೆ ಕೆಳಗಿನಿಂದಲೇ ಸಾಲುಗಳು ಕಾಣುತ್ತವೆ. ಗುರುವಾರ ಹೋದರೆ ಇನ್ನೊಂದು ನೋಟ ಸಿಗುತ್ತದೆ. ಕೆಳಗಿನ ಕತ್ತಲ ಕೋಣೆಗಳಲ್ಲಿ ಜನ ಊದುಬತ್ತಿ, ಮೊಂಬತ್ತಿ ಹಚ್ಚಿ, ಜಿನ್ನುಗಳಿಗೆ ಅರ್ಜಿ ಬರೆದು ಗೋಡೆಯ ಸಂದಿಗೆ ಸಿಕ್ಕಿಸುತ್ತಾರೆ: ಮಗಳ ಮದುವೆ, ಮಗನ ನೌಕರಿ, ಕೋರ್ಟು ಕೇಸು. ಕೆಲವರು ಫೋಟೋ, ಕಾಗದಪತ್ರದ ಜೆರಾಕ್ಸೂ ಲಗತ್ತಿಸುತ್ತಾರೆ. ಫೋಟೋ ತೆಗೆಯಬೇಡಿ, ಅರ್ಜಿ ಓದಲೂ ಬೇಡಿ.

ಅಲ್ಲಿಂದ ಪುರಾನಾ ಕಿಲಾ ಆಟೋದಲ್ಲಿ ಹತ್ತು ನಿಮಿಷ. ಪಾಂಡವರ ಇಂದ್ರಪ್ರಸ್ಥ ಇದೇ ಅನ್ನುವ ನಂಬಿಕೆ ಹಳೆಯದು. ಕಳೆದ ಶತಮಾನದ ಆರಂಭದವರೆಗೆ ಕೋಟೆಯೊಳಗೆ ಇಂದರ್‌ಪತ್ ಅನ್ನುವ ಹಳ್ಳಿಯೇ ಇತ್ತು. ಅಗೆತ 1954ರಿಂದ ಬಿಟ್ಟುಬಿಟ್ಟು ನಡೆದಿದ್ದು, ಮೌರ್ಯರಿಂದ ಮೊಘಲರವರೆಗೆ ಒಂದರ ಮೇಲೊಂದು ಪದರ ಸಿಕ್ಕಿವೆ. ಶೇರ್ ಮಂಡಲ್ ಎಂಬ ಎಂಟು ಮೂಲೆಯ ಗೋಪುರದ ಮೆಟ್ಟಿಲಿನಿಂದ ಜಾರಿಬಿದ್ದೇ 1556ರಲ್ಲಿ ಹುಮಾಯೂನ್ ಸತ್ತದ್ದು. ಹಾಗಾಗಿ ಮಧ್ಯಾಹ್ನ ಅವನ ಸಮಾಧಿಗೆ ಹೋಗುವುದು ಕ್ರಮವೇ ಆಯಿತು. ಸಮಾಧಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಅದು ನೋಡಿದ ಕೂಡಲೇ ಒಪ್ಪಿಗೆಯಾಗುವ ಕಟ್ಟಡ. 2024ರಲ್ಲಿ ಪಕ್ಕದಲ್ಲೇ ನೆಲದಡಿಯ ಮ್ಯೂಸಿಯಂ ತೆರೆದಿದ್ದಾರೆ. ತಂಪಾಗಿದೆ, ಹಿರಿಯರನ್ನು ಅಲ್ಲಿ ಕೂರಿಸಿ ಮಕ್ಕಳನ್ನು ತೋಟಕ್ಕೆ ಬಿಡಬಹುದು.

ರೈಲು ರಾತ್ರಿಗಿದ್ದು ಇನ್ನೂ ಎರಡು ಗಂಟೆ ಉಳಿದಿದ್ದರೆ, ಉತ್ತರ ದಿಲ್ಲಿಯ ರಿಡ್ಜ್ ಎಂಬ ಗುಡ್ಡದ ಸಾಲಿನ ಮೇಲೆ ಹಿಂದೂ ರಾವ್ ಆಸ್ಪತ್ರೆಯ ಹತ್ತಿರ ಅಶೋಕನ ಇನ್ನೊಂದು ಕಂಬವಿದೆ, ಮೀರತ್‌ನಿಂದ ತಂದದ್ದು. ಮೊಘಲ್ ದೊರೆ ಫರೂಖ್‌ಸಿಯರ್‌ನ ಕಾಲದಲ್ಲಿ ಸಿಡಿಮದ್ದು ಸ್ಫೋಟಿಸಿ ಐದು ತುಂಡಾಗಿ ಬಿದ್ದಿತ್ತು, 1867ರಲ್ಲಿ ಜೋಡಿಸಿ ನಿಲ್ಲಿಸಿದರು. ಜೋಡಣೆಯ ಗೆರೆಗಳು ಇವತ್ತಿಗೂ ಕಾಣುತ್ತವೆ. ಚಿಕ್ಕಪ್ಪ ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಿ, “ಗಂಟು ಕಾಣ್ತಾವೆ ನೋಡು, ಎಳೆ ಕಡ್ದಾಗ ನಾವೂ ಹಿಂಗೇ ಹಾಕೋದು” ಅಂದರು. ಬಂದ ಆಟೋವನ್ನು ಅಲ್ಲೇ ಕಾಯಿಸಿಕೊಳ್ಳಿ. ಆ ರಸ್ತೆಯಲ್ಲಿ ಇನ್ನೊಂದು ಸಿಗುವ ಭರವಸೆ ಇಲ್ಲ, ನಮಗೆ ಅವತ್ತು ಪುಲ್ ಬಂಗಶ್ ಮೆಟ್ರೋವರೆಗೆ ನಡೆದೇ ಹೋಗಬೇಕಾಯಿತು.